ಅಪ್ಪನ ಪಿಟೀಲಿನ ಬೆನ್ನು

"ಪ್ರಾಕ್ಟೀಸ್ ನಡೀತಿದ್ಯಾ ಪುಟ್ಟಿ?"

ಪ್ರತಿ ಭಾನುವಾರ ವಿಡಿಯೋ ಕಾಲಿನಲ್ಲಿ ಅಪ್ಪ ಕೇಳುವ ಮೊದಲ ಪ್ರಶ್ನೆ ಇದು. ಊಟ ಆಯ್ತಾ, ಸ್ನೋ ಬಿತ್ತಾ ಎಲ್ಲ ಆಮೇಲೆ. ಟೊರಾಂಟೊದ ಅಪಾರ್ಟ್‌ಮೆಂಟಿನ ಸೋಫಾ ಮೇಲೆ ಕಾಲು ಮಡಚಿ ಕೂತು ನಾನು "ಹೂಂ ಅಪ್ಪಾ, ನಡೀತಿದೆ" ಅನ್ನುತ್ತಿದ್ದೆ. ಶುದ್ಧ ಸುಳ್ಳು. ಪಿಟೀಲಿನ ಪೆಟ್ಟಿಗೆ ತೆರೆದು ನಾಲ್ಕು ತಿಂಗಳಾಗಿತ್ತು.

ಅದು ಅಪ್ಪನ ಪಿಟೀಲು. ಮೈಸೂರಿನ ಮನೆಯಲ್ಲಿ ನಲವತ್ತು ವರ್ಷ ಅವರ ಎದೆಗೂ ಪಾದಕ್ಕೂ ನಡುವೆ ಬಾಳಿದ್ದು. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಗಿ ಅವರ ಎಡಗೈ ಬೆರಳುಗಳು ಮಾತು ಕೇಳದಾದವು. ನಾನು ರಜೆ ಮುಗಿಸಿ ಹೊರಟಾಗ ಪೆಟ್ಟಿಗೆ ತಂದು ಕೈಗಿತ್ತರು. "ಇಲ್ಲಿ ಬೀರು ಮೇಲೆ ಧೂಳು ತಿನ್ನೋದು ಬೇಡ. ನೀನಾದ್ರೂ ನುಡಿಸು" ಅಂದರು. ಚಿಕ್ಕವಳಿದ್ದಾಗ ಅವರ ಹತ್ತಿರವೇ ಕಲಿತು, ಇಂಜಿನಿಯರಿಂಗ್ ಸೇರಿದ ಮೇಲೆ ಬಿಟ್ಟವಳು ನಾನು.

ಫೆಬ್ರವರಿಯಲ್ಲಿ ಅಪ್ಪನ ಎಪ್ಪತ್ತನೇ ಹುಟ್ಟುಹಬ್ಬ. ಒಂದು ವರ್ಣ ನುಡಿಸಿ ರೆಕಾರ್ಡ್ ಮಾಡಿ ಕಳಿಸೋಣ ಅಂತ ಪೆಟ್ಟಿಗೆ ತೆರೆದೆ. ಪಿಟೀಲಿನ ಹಿಂಬದಿಯ ಹಲಗೆ ಪಕ್ಕದ ಪಟ್ಟಿಯಿಂದ ನಾಲ್ಕು ಬೆರಳಗಲ ಬಿಟ್ಟುಕೊಂಡಿತ್ತು. ನಾನು ಅದನ್ನು ಇಟ್ಟಿದ್ದದ್ದಾದರೂ ಎಲ್ಲಿ? ಚಳಿಗಾಲವಿಡೀ ಬಿಸಿಗಾಳಿ ಊದುವ ಹೀಟರಿನ ಪಕ್ಕದಲ್ಲಿ! ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಆಫೀಸಿಗೆ ರಜೆ ಹಾಕಿ ಪಿಟೀಲು ರಿಪೇರಿ ಮಾಡುವ ಒಬ್ಬ ಹಿರಿಯರ ಅಂಗಡಿ ಹುಡುಕಿಕೊಂಡು ಹೋದೆ. ಅವರು ಏನೂ ಹೇಳದೆ ವಾದ್ಯವನ್ನು ಬೋರಲು ಹಾಕಿ ದೀಪದ ಕೆಳಗೆ ಹಿಡಿದರು. ಹಿಂಬದಿಯ ಮರದಲ್ಲಿ ಅಡ್ಡಡ್ಡ ಪಟ್ಟೆಗಳು. ಸ್ವಲ್ಪ ವಾಲಿಸಿದರೆ ಕಪ್ಪಿದ್ದ ಪಟ್ಟೆ ಹೊಳೆಯುತ್ತೆ, ಹೊಳೆಯುತ್ತಿದ್ದದ್ದು ಕಪ್ಪಾಗುತ್ತೆ. ಮೈಸೂರು ರೇಷ್ಮೆ ಸೀರೆಯನ್ನು ಬೆಳಕಿಗೆ ಹಿಡಿದ ಹಾಗೆ. "ಮೇಪಲ್" ಅಂದರು.

ನನಗೆ ಗೊತ್ತಿದ್ದ ಮೇಪಲ್ ಅಂದ್ರೆ ಕೆನಡಾ ಬಾವುಟದ ಎಲೆ, ಪ್ಯಾನ್‌ಕೇಕಿನ ಸಿರಪ್ಪು, ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮಿಗೆ ಹಾಕುವ ಕೆಂಪು ಫೋಟೊ. ಅಷ್ಟೇ. ಮರದ ಒಳಗೆ ಏನಿದೆ ಅಂತ ಯಾವತ್ತೂ ಯೋಚಿಸಿರಲಿಲ್ಲ.

ಮಲ್ಲೇಶ್ವರದ ಚೌಡಯ್ಯ ಹಾಲ್ ನೋಡಿದವರಿಗೆ ಪಿಟೀಲಿನ ಆಕಾರ ಹೇಳಬೇಕಿಲ್ಲ. ಅದರ ಮೇಲಿನ ಹಲಗೆ ಸ್ಪ್ರೂಸ್ ಅನ್ನುವ ಹಗುರ ಮರದ್ದು. ತಂತಿಯ ಕಂಪನಕ್ಕೆ ಬೇಗ ಅದುರುತ್ತದೆ. ಬೆನ್ನು, ಪಕ್ಕದ ಪಟ್ಟಿ, ಕತ್ತು ಎಲ್ಲ ಗಟ್ಟಿ ಮೇಪಲ್. ತಂತಿಗಳನ್ನು ಹೊತ್ತು ನಿಲ್ಲುವ ಕುದುರೆಯೂ ಮೇಪಲ್ಲೇ. ಇಟಲಿಯ ಕ್ರೆಮೋನಾದಲ್ಲಿ ಸ್ಟ್ರಾಡಿವಾರಿ ಮಾಡಿದ್ದೂ ಹೀಗೇ.

"ಹಾಗಾದ್ರೆ ನಮ್ಮಪ್ಪನ ಪಿಟೀಲು ತವರಿಗೆ ಬಂದ ಹಾಗಾಯ್ತು" ಅಂದೆ. ಅವರು ನಕ್ಕು, ಪಿಟೀಲಿಗೆ ಸಾಮಾನ್ಯವಾಗಿ ಬಳಸುವುದು ಯುರೋಪಿನ ಮೇಪಲ್, ಕಿಟಕಿ ಆಚೆ ಹಿಮ ಹೊತ್ತು ನಿಂತಿರುವುದು ಅದರ ದಾಯಾದಿ ಶುಗರ್ ಮೇಪಲ್ ಅಂದರು. ಇದು ಇನ್ನೂ ಗಟ್ಟಿಯಂತೆ. ಎನ್‌ಬಿಎ ಬಾಸ್ಕೆಟ್‌ಬಾಲ್ ಅಂಕಣಗಳ ನೆಲ ಬಹುತೇಕ ಇದೇ. ಬೌಲಿಂಗಿನಲ್ಲಿ ನಾವು ಉರುಳಿಸುವ ಪಿನ್ನಿನ ಒಳಗೂ ಇದೇ. ಇದರ ರಂಧ್ರಗಳು ತೀರಾ ಸಣ್ಣ, ಹಾಗಾಗಿ ಈರುಳ್ಳಿ ಹೆಚ್ಚುವ ಮಣೆಗೂ ಒಳ್ಳೆಯದು. ನನ್ನ ಅಡುಗೆಮನೆಯ ಮಣೆಯೂ ಮೇಪಲ್ಲಿನದೇ ಅಂತ ಆಮೇಲೆ ತಿರುಗಿಸಿ ನೋಡಿದಾಗ ಗೊತ್ತಾಯ್ತು. 2001ರಲ್ಲಿ ಬ್ಯಾರಿ ಬಾಂಡ್ಸ್ 73 ಹೋಮ್ ರನ್ ಹೊಡೆದದ್ದು ಮೇಪಲ್ ಬ್ಯಾಟಿನಿಂದ. ಚಳಿಗಾಲದ ಕೊನೆಗೆ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗುವ ದಿನಗಳಲ್ಲಿ ಇದೇ ಮರ ರಸ ಕೊಡುತ್ತದೆ. ಸುಮಾರು 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್. ಯುರೋಪಿನವರು ಬರುವ ಮೊದಲೇ ಇಲ್ಲಿನ ಮೂಲನಿವಾಸಿಗಳಿಗೆ ಈ ವಿದ್ಯೆ ಗೊತ್ತಿತ್ತು.

ಇಷ್ಟೆಲ್ಲ ಹೇಳಿದವರು ನನ್ನ ತಪ್ಪಿನ ಬಗ್ಗೆ ಯಾವಾಗ ಬೈತಾರೋ ಅಂತ ಕಾಯುತ್ತಲೇ ಇದ್ದೆ. ಕೊನೆಗೆ ನಾನೇ ಕೇಳಿದೆ, "ಪೂರ್ತಿ ಹಾಳಾಯ್ತಾ?"

"ಬಿಟ್ಟುಕೊಂಡಿದ್ದೇ ಒಳ್ಳೇದಾಯ್ತು" ಅಂದರು.

ಪಿಟೀಲನ್ನು ಜೋಡಿಸುವುದು ಪ್ರಾಣಿಗಳ ಚರ್ಮ ಕಾಯಿಸಿ ಮಾಡಿದ ಅಂಟಿನಿಂದ. (ಇದನ್ನು ಅಪ್ಪನಿಗೆ ಹೇಳಿಲ್ಲ, ನೀವೂ ಹೇಳಬೇಡಿ.) ಆ ಅಂಟು ಬೇಕಂತಲೇ ಮರಕ್ಕಿಂತ ದುರ್ಬಲ. ಒಣಹವೆಗೆ ಮರ ಕುಗ್ಗುತ್ತದೆ. ಅಂಟು ಹಟ ಹಿಡಿದರೆ ಮರವೇ ಸೀಳುತ್ತದೆ. ಅಂಟು ಸೋತರೆ ಮರ ಉಳಿಯುತ್ತದೆ; ಮತ್ತೆ ಅಂಟಿಸಿದರಾಯ್ತು. "ಪೆಟ್ಟಿಗೆಯಲ್ಲಿ ತೇವಾಂಶಕ್ಕೆ ಏನಾದರೂ ಇಡಿ. ಅದಕ್ಕಿಂತ ಮುಖ್ಯ, ದಿನಾ ಹೊರಗೆ ತೆಗೆಯಿರಿ. ತೆಗೆದಿದ್ದರೆ ಮೊದಲೇ ಕಾಣುತ್ತಿತ್ತು" ಅಂದರು. ಬೈಗುಳಕ್ಕಿಂತ ಜೋರಾಗಿ ತಾಗಿತು.

ವಾರ ಬಿಟ್ಟು ಪಿಟೀಲು ಮನೆಗೆ ಬಂತು. ಜೋಡಿಸಿದ ಜಾಗ ಎಲ್ಲಿ ಅಂತ ನನಗೇ ಗೊತ್ತಾಗುತ್ತಿರಲಿಲ್ಲ. ಅಪ್ಪನಿಗೆ ಹೇಳದಿದ್ದರೂ ನಡೆಯುತ್ತಿತ್ತು.

ಭಾನುವಾರ ಬಂತು. "ಪ್ರಾಕ್ಟೀಸ್ ನಡೀತಿದ್ಯಾ ಪುಟ್ಟಿ?"

"ಇಲ್ಲ ಅಪ್ಪಾ."

ನಾಲ್ಕು ತಿಂಗಳು, ಹೀಟರು, ಬಿಟ್ಟುಕೊಂಡ ಬೆನ್ನು ಎಲ್ಲ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಆಮೇಲೆ ಅಂದರು, "ಗೊತ್ತಿತ್ತು ಕಣೇ. ದಿನಾ ನುಡಿಸೋರು ತಂತಿ ಕಿತ್ತೋಯ್ತು, ಬಿರಡೆ ಜಾರ್ತಿದೆ ಅಂತ ಏನಾದ್ರೂ ಗೊಣಗ್ತಾನೇ ಇರ್ತಾರೆ. ನೀನು ಒಂದ್ಸಲನೂ ಗೊಣಗಲಿಲ್ವಲ್ಲ."

ನನಗೆ ಮಾತೇ ಹೊರಡಲಿಲ್ಲ.

"ಎಲ್ಲಿ, ತಗೊಂಡು ಬಾ. ಷಡ್ಜ ಪಂಚಮ ಎಳಿ ನೋಡೋಣ."

ಫೋನನ್ನು ನೀರಿನ ಬಾಟಲಿಗೆ ಆನಿಸಿ, ನೆಲದ ಮೇಲೆ ಕೂತು ಕಮಾನು ಎಳೆದೆ. ಕೀರಲು ದನಿ. ಅಪ್ಪ ಕಣ್ಣು ಮುಚ್ಚಿ ಕೇಳಿದರು.

"ಪಂಚಮ ಇಳಿದಿದೆ. ಬಿರಡೆ ತಿರುಗಿಸು. ಮೆಲ್ಲಗೆ... ಅವಸರ ಬೇಡ."