ಲಚ್ಯಾಣದಲ್ಲಿ ಅಭಿಮನ್ಯು ಸತ್ತ ರಾತ್ರಿ

ಅಭಿಮನ್ಯು ಚಕ್ರವ್ಯೂಹದ ಒಳಗೆ ಹೋದ. ಕರೆಂಟು ಹೊರಗೆ ಹೋಯ್ತು.

2020ರ ಮಾತು. ಕೊರೊನಾ ಕಾಲ. ಬೆಂಗಳೂರಿನ ಪಿಜಿ ಖಾಲಿ ಮಾಡಿ, ಲ್ಯಾಪ್‌ಟಾಪು ಮತ್ತು ನಾಲ್ಕು ಬಟ್ಟೆ ಹಿಡಿದುಕೊಂಡು ಅವ್ವನ ತವರು ಲಚ್ಯಾಣಕ್ಕೆ ಬಂದು ಕೂತಿದ್ದೆ. ಹಗಲು ವರ್ಕ್ ಫ್ರಮ್ ಹೋಮ್, ಅಂದರೆ ಮಾಳಿಗೆಯ ಮೇಲೆ ನೆಟ್‌ವರ್ಕ್ ಹುಡುಕುತ್ತ ಅಲೆಯುವುದು. ರಾತ್ರಿ ಸ್ಟಾರ್ ಸುವರ್ಣದಲ್ಲಿ ಮಹಾಭಾರತ. ಹಿಂದಿಯಲ್ಲಿ 2013–14ರಲ್ಲಿ ಬಂದಿದ್ದ ಧಾರಾವಾಹಿಯನ್ನೇ ಆ ವರ್ಷ ಕನ್ನಡಕ್ಕೆ ಡಬ್ ಮಾಡಿ ಹಾಕಿದ್ದರು. ಡಬ್ಬಿಂಗ್ ಬೇಕೋ ಬೇಡವೋ ಎಂದು ಬೆಂಗಳೂರಿನಲ್ಲಿ ದಶಕಗಟ್ಟಲೆ ಜಗಳ ಆಗಿದೆ. ಲಚ್ಯಾಣದ ನಮ್ಮ ಪಡಸಾಲೆಯಲ್ಲಿ ಕೂತ ಹನ್ನೆರಡು ಜನರಿಗೆ ಅದರ ಸುದ್ದಿಯೇ ಇರಲಿಲ್ಲ. ಅರ್ಜುನ ಕನ್ನಡ ಮಾತಾಡುತ್ತಾನೆ, ಅಷ್ಟು ಸಾಕಿತ್ತು.

ಕರೆಂಟು ಹೋದದ್ದೇ ತಡ, ಪಕ್ಕದ ಮನೆಯಿಂದಲೂ "ಹೋತಲ್ಲೋ!" ಅಂತ ಕೂಗು. ಮಾಮಾನ ಮಗ ಮೊಬೈಲಿನಲ್ಲಿ ಹುಡುಕಲು ಹೋದ, ಸಿಗ್ನಲ್ ಒಂದು ಕಡ್ಡಿ. ಅಷ್ಟರಲ್ಲಿ ಆಯಿ ಕತ್ತಲಲ್ಲೇ ಶುರು ಮಾಡಿದಳು. ಸೈಂಧವ ಬಾಗಿಲಿಗೆ ಅಡ್ಡ ನಿಂತದ್ದು, ರಥ ಮುರಿದದ್ದು, ಕೊನೆಗೆ ಹುಡುಗ ರಥದ ಗಾಲಿಯನ್ನೇ ಎತ್ತಿಕೊಂಡದ್ದು. ಟೀವಿಯಲ್ಲಿ ನಾಲ್ಕು ಕಂತು ಹಿಡಿಯುವುದನ್ನು ಹತ್ತು ನಿಮಿಷದಲ್ಲಿ ಹೇಳಿದಳು. ಹೇಳುತ್ತ ಹೇಳುತ್ತ ದನಿ ಒಡೆಯಿತು. ಕರೆಂಟು ಬಂದಾಗ ನೋಡಿದರೆ ಸೆರಗು ಕಣ್ಣಿಗೆ ಒತ್ತಿಕೊಂಡಿದ್ದಾಳೆ.

"ಆಯಿ, ಅಂವ ಸಾಯ್ತಾನಂತ ನಿನಗ ಮೊದಲೇ ಗೊತ್ತಿತ್ತಲ್ಲ?" ಅಂದೆ.

"ಗೊತ್ತಿದ್ರೇನಾತೋ? ಗೊತ್ತಿದ್ದರ ಅಳಬಾರದೇನು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ನಾನು ಬೆಳೆದ ಶಾಲೆ ಬೇರೆ. ನಾನು 'ಗೇಮ್ ಆಫ್ ಥ್ರೋನ್ಸ್' ಬ್ಯಾಚಿನವನು.

ನಿಮ್ಮಲ್ಲೂ ಬಹಳ ಜನ ಆ ಬ್ಯಾಚಿನವರೇ ಇರುತ್ತೀರಿ. 2014ರಲ್ಲಿ ಹುಬ್ಬಳ್ಳಿಯ ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ ಒಂದು ಹಾರ್ಡ್ ಡಿಸ್ಕು ರೂಮಿಂದ ರೂಮಿಗೆ ಪ್ರಸಾದದ ಹಾಗೆ ಹೋಗುತ್ತಿತ್ತು. ಮೊದಲ ಸೀಸನ್ನಿನ ಒಂಬತ್ತನೇ ಕಂತಿನಲ್ಲಿ ನೆಡ್ ಸ್ಟಾರ್ಕ್ ತಲೆ ಹೋದಾಗ ನಾವು ರಿವೈಂಡ್ ಮಾಡಿ ನೋಡಿದ್ದೆವು. ಪೋಸ್ಟರಿನಲ್ಲಿ ಸಿಂಹಾಸನದ ಮೇಲೆ ಕೂತಿರುವ ಮನುಷ್ಯನನ್ನು ಯಾರಾದರೂ ಕೊಲ್ಲುತ್ತಾರೆಯೇ? ರಾಜಕುಮಾರ್ ಸಿನಿಮಾ ನೋಡಿ ಬೆಳೆದ ನಮಗೆ ಅದು ಲೆಕ್ಕಕ್ಕೇ ಬರಲಿಲ್ಲ. ಆಮೇಲೆ ಮೂರನೇ ಸೀಸನ್ನಿನ 'ರೆಡ್ ವೆಡ್ಡಿಂಗ್'. ಮದುವೆ ಊಟ ನಡೆದಿದೆ, ಹಾಡು ಬದಲಾಗುತ್ತದೆ, ಬಾಗಿಲು ಮುಚ್ಚುತ್ತದೆ. ಮುಗಿದ ಮೇಲೆ ರೂಮಿನಲ್ಲಿ ಒಬ್ಬರೂ ಮಾತಾಡಲಿಲ್ಲ. ಬೆಳಗಾವಿಯ ಗೆಳೆಯನೊಬ್ಬ ಎದ್ದು ಹೋಗಿ ಹಲ್ಲು ತಿಕ್ಕಿಕೊಂಡ. ಯಾಕೆ ಅಂತ ಇವತ್ತಿಗೂ ಅವನಿಗೆ ಗೊತ್ತಿಲ್ಲ.

ಆ ಕಂತು ಅಮೆರಿಕದಲ್ಲಿ ಬಂದದ್ದು 2013ರ ಜೂನ್ 2ರಂದು. ಜಾರ್ಜ್ ಆರ್. ಆರ್. ಮಾರ್ಟಿನ್ ಆ ಪುಸ್ತಕ ಬರೆದದ್ದು 2000ದಲ್ಲಿ. ಅಂದರೆ ಹದಿಮೂರು ವರ್ಷ ಓದುಗರು ಬಾಯಿ ಬಿಗಿಹಿಡಿದು ಕೂತಿದ್ದರು! ಆ ರಾತ್ರಿ ಅವರು ಮಾಡಿದ ಕೆಲಸವೆಂದರೆ, ಪುಸ್ತಕ ಓದದ ಗೆಳೆಯರು ಟೀವಿ ನೋಡುವಾಗ ಕ್ಯಾಮೆರಾವನ್ನು ಅವರ ಮುಖಕ್ಕೆ ಹಿಡಿದದ್ದು. ಕಿರುಚುವವರು, ದಿಂಬಿನಲ್ಲಿ ಮುಖ ಮುಚ್ಚುವವರು, ಟೀವಿಗೆ ಬೈಯುವವರು. ಆ ವೀಡಿಯೊಗಳನ್ನು ಜಗತ್ತೆಲ್ಲ ನೋಡಿತು. ಮಾರ್ಟಿನ್‌ಗೂ ಆ ಅಧ್ಯಾಯ ಬರೆಯುವುದು ಎಷ್ಟು ಕಷ್ಟವಾಗಿತ್ತೆಂದರೆ, ಅದೊಂದನ್ನು ಬಿಟ್ಟು ಉಳಿದ ಇಡೀ ಪುಸ್ತಕ ಮುಗಿಸಿ, ಕೊನೆಗೆ ಅದನ್ನು ಬರೆದರಂತೆ.

ಆ ಲೆಕ್ಕದಲ್ಲಿ ಲಚ್ಯಾಣದಲ್ಲಿ ಎಲ್ಲರೂ 'ಪುಸ್ತಕ ಓದಿದವರೇ'. ಸ್ಪಾಯ್ಲರ್ ಎಂಬ ಮಾತಿಗೇ ಅರ್ಥವಿಲ್ಲ.

ಈ ಊರಿಗೆ ಬರುವ ಹಾದಿಯೂ ಹಾಗೇ ಇದೆ. ಬೆಂಗಳೂರಿನಿಂದ ರಾತ್ರಿ ರೈಲು ಹತ್ತಿದರೆ ಹುಬ್ಬಳ್ಳಿ ಆದ ಮೇಲೆ ಗದಗ. ವೀರನಾರಾಯಣ ಗುಡಿಯಲ್ಲಿ ಕೂತು ಕುಮಾರವ್ಯಾಸ ಭಾರತ ಬರೆದ ಎಂದು ನಂಬುವ ಊರು. ಮುಂದೆ ಬಾಗಲಕೋಟೆ. ಅದೇ ಜಿಲ್ಲೆಯ ಮುಧೋಳ ರನ್ನನ ಊರು. ಹತ್ತನೇ ಶತಮಾನದ ಈ ಕವಿಯ 'ಗದಾಯುದ್ಧ'ದಲ್ಲಿ ದುರ್ಯೋಧನ ರಣರಂಗದಲ್ಲಿ ಹೆಣಗಳ ನಡುವೆ ನಡೆಯುತ್ತಾನೆ. ತನ್ನ ಮಗನ ಹೆಣ, ತಮ್ಮನ ಹೆಣ, ಕರ್ಣನ ಹೆಣ. ನಡುವೆ ಅಭಿಮನ್ಯುವಿನ ಹೆಣ. ಕೊಲ್ಲಿಸಿದವನೇ ನಿಂತು ಆ ಹುಡುಗನನ್ನು ಹೊಗಳುತ್ತಾನೆ. ವಿಲನ್ನಿನ ಮುಖಕ್ಕೆ ಕ್ಯಾಮೆರಾ ಹಿಡಿದ ಮೊದಲ ರಿಯಾಕ್ಷನ್ ವೀಡಿಯೊ ಇದೇ ಇರಬೇಕು. (ಕನ್ನಡ ಮೇಷ್ಟ್ರು ಕ್ಷಮಿಸಲಿ.) ಆಲಮಟ್ಟಿಯ ಹತ್ತಿರ ಕೃಷ್ಣೆ ದಾಟಿ, ಬಸವನ ಬಾಗೇವಾಡಿ ರೋಡ್, ವಿಜಯಪುರ, ಗುರುದೇವ ರಾನಡೆಯವರ ಆಶ್ರಮ ಇರುವ ನಿಂಬಾಳ, ಇಂಡಿ ರೋಡ್. ನಾನು ಇಂಡಿ ರೋಡಿನಲ್ಲೇ ಇಳಿಯುತ್ತೇನೆ, ಮಾಮಾ ಬೈಕ್ ತರುತ್ತಾನೆ. ಲಚ್ಯಾಣಕ್ಕೂ ಸ್ಟೇಷನ್ ಇದೆ, ಪ್ಯಾಸೆಂಜರ್ ಗಾಡಿ ಹಿಡಿಯುವ ತಾಳ್ಮೆ ನನಗಿಲ್ಲ.

ನೋಡುವುದೇನಿದೆ ಅಂತ ಕೇಳಿದರೆ, ಟೂರಿಸ್ಟ್ ಲೆಕ್ಕದಲ್ಲಿ ಹೆಚ್ಚೇನಿಲ್ಲ. ಕಪ್ಪು ಎರೆ ಹೊಲ, ಜೋಳ, ತೊಗರಿ, ಲಿಂಬಿ ತೋಟ. ಲಿಂಬೆ ಅಭಿವೃದ್ಧಿ ಮಂಡಳಿ ಇರುವುದೂ ಇಂಡಿಯಲ್ಲೇ. ಊರ ಜೀವ ಇರುವುದು ಸಿದ್ಧಲಿಂಗ ಮಹಾರಾಜರ ಕಮರಿ ಮಠದಲ್ಲಿ. ಸಂಜೆ ಅಲ್ಲಿ ಹೋಗಿ ಕೂತರೆ ಬಿಸಿಲು ಇಳಿದ ಕಲ್ಲು ಇನ್ನೂ ಬೆಚ್ಚಗಿರುತ್ತದೆ. ಸೊಲ್ಲಾಪುರ ಹತ್ತಿರ, ಹಾಗಾಗಿ ಮಾತಿನಲ್ಲಿ ಮರಾಠಿ ಸೇರಿಕೊಂಡಿರುತ್ತದೆ. ಮೊಹರಂ ಬಂದರೆ ನಮ್ಮ ಕಡೆ ಹಳ್ಳಿಗಳಲ್ಲಿ ಅಲಾಯಿ ಕುಣಿತ, ಕನ್ನಡದಲ್ಲೇ ರಿವಾಯತ್ ಪದ. ಕರ್ಬಲಾದ ಸಾವುಗಳನ್ನು ಹಾಡುವವರಲ್ಲಿ, ಕೇಳಿ ಕಣ್ಣೀರು ಹಾಕುವವರಲ್ಲಿ ಎಲ್ಲ ಓಣಿಯವರೂ ಇರುತ್ತಾರೆ. 680ರಲ್ಲಿ ನಡೆದದ್ದಕ್ಕೆ ಪ್ರತಿ ವರ್ಷ ಹೊಸದಾಗಿ ಅಳು. ಇಂಥ ಊರಲ್ಲಿ ಹುಟ್ಟಿದ ಆಯಿಗೆ ನಾನು 'ಮೊದಲೇ ಗೊತ್ತಿತ್ತಲ್ಲ' ಅಂದಿದ್ದೆ!

ಕರೆಂಟು ಹೋದ ಆ ರಾತ್ರಿಯ ಮರುದಿನ ಸೇಡು ತೀರಿಸಿಕೊಳ್ಳೋಣ ಅಂತ ಆಯಿಗೆ ರೆಡ್ ವೆಡ್ಡಿಂಗ್ ಕತೆ ಹೇಳಿದೆ. ಹೆಸರೆಲ್ಲ ಬಿಟ್ಟು ಹೇಳಿದೆ. ಒಬ್ಬ ಹುಡುಗ ರಾಜ, ಅವನ ತಾಯಿ, ಹೊಟ್ಟೆಯಲ್ಲಿ ಕೂಸಿರುವ ಹೆಂಡತಿ. ಮದುವೆಗೆ ಕರೆದು, ಊಟಕ್ಕೆ ಕೂರಿಸಿ, ಬಾಗಿಲು ಹಾಕಿ ಕೊಂದರು. ಆಯಿ ಲಿಂಬಿಹಣ್ಣು ಹೆಚ್ಚುತ್ತ ಕೇಳುತ್ತಿದ್ದಳು, ಉಪ್ಪಿನಕಾಯಿಗೆ. ಈಳಿಗೆ ನಿಂತಿತು.

"ಉಪ್ಪು ತಿನಿಸಿದ್ರೇನು?"

"ಹಾಂ?"

"ಕೊಲ್ಲೂಕಿಂತ ಮೊದಲ ಅವರ ಮನ್ಯಾಗ ಉಪ್ಪು ತಿಂದಿದ್ರೇನು ಅಂತ ಕೇಳಾಕತ್ತೀನಿ."

ನನಗೆ ಮೈ ಜುಮ್ಮೆಂದಿತು. ನೋಡಿದವರಿಗೆ ನೆನಪಿರುತ್ತದೆ, ಆ ಕತೆಯ ಜೀವಾಳವೇ ಅದು. ಒಮ್ಮೆ ಮನೆಯ ರೊಟ್ಟಿ, ಉಪ್ಪು ತಿಂದ ಮೇಲೆ ಅತಿಥಿಯ ಮೈ ಮುಟ್ಟುವ ಹಾಗಿಲ್ಲ. ಅವರು ತಿನ್ನಿಸಿ ಕೊಂದರು. ಮಾರ್ಟಿನ್ ಇದನ್ನು ಪೂರಾ ಕಲ್ಪನೆಯಿಂದ ತಂದದ್ದಲ್ಲ. ಸ್ಕಾಟ್ಲೆಂಡಿನಲ್ಲಿ 1440ರಲ್ಲಿ ಊಟಕ್ಕೆ ಕರೆದು ಕೊಂದದ್ದು, 1692ರಲ್ಲಿ ಗ್ಲೆಂಕೋದಲ್ಲಿ ಉಂಡ ಮನೆಯವರನ್ನೇ ಉಂಡವರು ಕೊಂದದ್ದು, ಈ ಎರಡರಿಂದ ಎತ್ತಿಕೊಂಡದ್ದು. ನಾವು ಹಾಸ್ಟೆಲಿನಲ್ಲಿ ಹೀರೊ ಸತ್ತ ಅಂತ ಬೆಚ್ಚಿದ್ದೆವು. ಆಯಿ ನೇರ ಉಪ್ಪಿಗೆ ಬಂದಳು. "ಹಂಗಾದ್ರ ಆ ಮನಿ ಉಳಿಯೂದಿಲ್ಲ ಬಿಡು," ಅಂದು ಮತ್ತೆ ಈಳಿಗೆ ಹಿಡಿದಳು. ಮುಂದಿನ ಸೀಸನ್ನುಗಳಲ್ಲಿ ಆ ಮನೆ ಉಳಿಯಲಿಲ್ಲ. ನಾನು ಹೇಳಿರಲಿಲ್ಲ.

ಇಷ್ಟೇ ಆಗಿದ್ದರೆ ಈ ಲೇಖನ ತಮಾಷೆಯದೇ ಆಗುತ್ತಿತ್ತು. 2024 ಇದೆಯಲ್ಲ.

ಏಪ್ರಿಲ್ 3ರ ಸಂಜೆ ಲಚ್ಯಾಣದ ಹೊಲವೊಂದರಲ್ಲಿ ಪುಟ್ಟ ಕೂಸೊಂದು ತೆರೆದ ಕೊಳವೆಬಾವಿಗೆ ಬಿತ್ತು. ನಿಮಗೂ ನೆನಪಿರಬಹುದು, ಎಲ್ಲ ಚಾನೆಲ್ಲಿನಲ್ಲೂ ಅದೇ ಇತ್ತು. ನಮ್ಮ ಊರ ಹೆಸರು ಟೀವಿಯಲ್ಲಿ ಅಷ್ಟು ದೊಡ್ಡ ಅಕ್ಷರದಲ್ಲಿ ನಾನು ಎಂದೂ ನೋಡಿರಲಿಲ್ಲ. ಸುಮಾರು 16 ಅಡಿಯಲ್ಲಿ ಸಿಕ್ಕಿಕೊಂಡಿದೆ, ತಲೆ ಕೆಳಗಾಗಿದೆ ಎನ್ನುತ್ತಿದ್ದರು. ಆಮ್ಲಜನಕ ಬಿಟ್ಟರು, ಕ್ಯಾಮೆರಾ ಇಳಿಸಿದರು, ಪಕ್ಕದಲ್ಲಿ ಯಂತ್ರಗಳು ರಾತ್ರಿಯಿಡೀ ಇನ್ನೊಂದು ಗುಂಡಿ ತೋಡಿದವು. ನಡುವೆ ಕಲ್ಲು ಸಿಕ್ಕಿತು.

ಮರುದಿನ ಬೆಳಿಗ್ಗೆ ಬೆಂಗಳೂರಿನ ಆಫೀಸಿನಲ್ಲಿ, ಸ್ಟ್ಯಾಂಡಪ್ ಮೀಟಿಂಗ್ ಮುಗಿದ ಮೇಲೆ, ಕಾಫಿ ಮಷೀನಿನ ಹತ್ತಿರ ಎಲ್ಲರೂ ಫೋನಿನಲ್ಲಿ ಲೈವ್ ನೋಡುತ್ತಿದ್ದರು. "ನಿಮ್ಮೂರಲ್ವಾ?" ಅಂತ ಒಬ್ಬರು ಕೇಳಿದರು. ನಾನು, ನನಗೇ ಗೊತ್ತಿಲ್ಲದ ದನಿಯಲ್ಲಿ, "ಹೌದು. ಕಷ್ಟ ಇದೆ. ಇದು ಎಲ್ಲಿಗೆ ಮುಗಿಯುತ್ತೆ ಗೊತ್ತಲ್ವಾ," ಅಂದೆ. ಗೊತ್ತಿತ್ತು ನಿಜ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಹೀಗೇ ದಿನಗಟ್ಟಲೆ ಕಾದಿದ್ದೆವು, ಎರಡೂ ಸಲ ಹೆಣ ಬಂದಿತ್ತು. ಆದರೆ ಆ ಮಾತನ್ನು ನಾನು ಆಡಿದ ಧಾಟಿ ಆ ಎರಡು ಊರುಗಳಿಂದ ಬಂದದ್ದಲ್ಲ. ಒಂಬತ್ತನೇ ಕಂತಿಗೆ ಯಾರು ಸಾಯುತ್ತಾರೆ ಅಂತ ಹಾಸ್ಟೆಲಿನಲ್ಲಿ ಮುಂಚೇನೇ ಹೇಳಿ ಜಾಣ ಅನ್ನಿಸಿಕೊಳ್ಳುತ್ತಿದ್ದೆವಲ್ಲ, ಅದೇ ಧಾಟಿ.

ಅತ್ತಿಗೆ ಫೋನ್ ಹಚ್ಚಿದೆ. ಹಿಂದೆ ಯಂತ್ರದ ಸದ್ದು, ಜನರ ಗದ್ದಲ. "ಏನರೆ ಸುದ್ದಿ? ಆಸೆ ಇಟ್ಕೋಬ್ಯಾಡ್ರಿ ಅತ್ತಿ," ಅಂದೆ.

ಅತ್ತಿ ಸಿಟ್ಟಾದದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. "ಬಾಯಾಗ ಅಂಥಾ ಮಾತ ತರಬ್ಯಾಡ ತಮ್ಮಾ. ನಿಮ್ಮಾಯಿ ನಿನ್ನಿ ರಾತ್ರಿಯಿಂದ ನೀರ ಮುಟ್ಟಿಲ್ಲ. ಕಾಲ ಅಳಗ್ಯಾಡಸಾಕತ್ತೇತಂತ ಕೂಸು. ಫೋನ್ ಇಡು."

ಇಟ್ಟೆ. ಮತ್ತೆ ಲೈವ್ ತೆರೆಯಲು ಧೈರ್ಯ ಬರಲಿಲ್ಲ. ಕೋಡ್ ರಿವ್ಯೂ ತೆರೆದು ಒಂದೇ ಸಾಲನ್ನು ಎಷ್ಟು ಸಲ ಓದಿದೆನೋ. ಊಟದ ಹೊತ್ತು ಮುಗಿದಿತ್ತು, ಆಫೀಸಿನ ಆ ಮೂಲೆಯಿಂದ ಚಪ್ಪಾಳೆ ಕೇಳಿತು. ಸುಮಾರು 20 ತಾಸಿನ ಮೇಲೆ ಕೂಸು ಜೀವಂತವಾಗಿ ಹೊರಗೆ ಬಂದಿತ್ತು. ತಮಿಳಿನವರು, ಬಂಗಾಳಿಯವರು, ಲಚ್ಯಾಣ ಎಲ್ಲಿದೆ ಅಂತ ಗೊತ್ತಿಲ್ಲದವರು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದರು. ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ. ಆ ಬೆಳಗಾವಿಯ ಗೆಳೆಯ ಯಾಕೆ ಹಲ್ಲು ತಿಕ್ಕಿಕೊಂಡನೋ ಸ್ವಲ್ಪ ಗೊತ್ತಾಯಿತು ಅನ್ನಿಸಿತು.

ಊರಿನಲ್ಲಿ ಇದು ಸಿದ್ಧಲಿಂಗ ಮಹಾರಾಜರ ಕೃಪೆ ಎನ್ನುತ್ತಾರೆ. ರಾತ್ರಿಯಿಡೀ ಕಲ್ಲು ಒಡೆದವರ ಕೈಯನ್ನೂ ಅದರಲ್ಲಿ ಸೇರಿಸಿಯೇ ಹೇಳುತ್ತಾರೆ. ನಾನು ವಾದಕ್ಕೆ ಹೋಗುವುದಿಲ್ಲ.

ಈಚೆಗೆ ಹೋದಾಗ ಆಯಿಗೆ ಟೀವಿ ಸರಿಯಾಗಿ ಕಾಣುತ್ತಿರಲಿಲ್ಲ. ಕೇಳಿಸಿಕೊಳ್ಳುತ್ತಾಳೆ ಅಷ್ಟೆ. ರಾತ್ರಿ ಮಲಗುವಾಗ ಒಮ್ಮೆಲೆ, "ಆ ಪರದೇಶಿ ಕಥ್ಯಾಗ, ಉಪ್ಪು ತಿಂದು ಸತ್ತ ಹುಡುಗ, ಅವನ ಅವ್ವ ಏನಾದ್ಲೋ?" ಅಂತ ಕೇಳಿದಳು. ನಾಲ್ಕು ವರ್ಷದ ಮೇಲೂ ನೆನಪು! ಅಕಿನೂ ಅಲ್ಲೇ ಸತ್ಲು ಅಂದೆ. ಆಯಿ ಬಹಳ ಹೊತ್ತು ಸುಮ್ಮನಿದ್ದಳು. ನಿದ್ದೆ ಬಂತೇನೋ ಅಂದುಕೊಂಡೆ. ಆಮೇಲೆ, "ಛಲೋ ಆತು. ಉಳದು ಏನ ಮಾಡ್ತಿದ್ಲು," ಅಂದಳು.

ಹೊರಡುವ ದಿನ ಮಾಮಾನ ಜೊತೆ ಹೊಲಕ್ಕೆ ಹೋಗಿದ್ದೆ. ನಮ್ಮ ಹೊಲದಲ್ಲೂ ನೀರು ಬರದ ಹಳೆಯ ಬೋರೊಂದಿದೆ. ಕಬ್ಬಿಣದ ಮುಚ್ಚಳ, ಅದರ ಮೇಲೆ ಸಿಮೆಂಟು, ಅದರ ಮೇಲೆ ಇಬ್ಬರು ಎತ್ತಬೇಕಾದ ಕಲ್ಲು. ಮನೆಗೆ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಒಳಗಿನಿಂದ ಆಯಿ ಕೇಳಿದಳು, "ಕಲ್ಲ ಅದ ಏನೋ ಮ್ಯಾಲ?"

"ಅದ ಆಯಿ."

"ನೀ ಖುದ್ದ ನೋಡಿದ್ಯಾ?"

"ನೋಡೀನಿ."

ಮಾಮಾ ಬೈಕ್ ಸ್ಟಾರ್ಟ್ ಮಾಡಿದ. ರೈಲಿಗೆ ಇನ್ನು ನಲವತ್ತು ನಿಮಿಷ ಇತ್ತು.