ಅಜ್ಜಿಯ ಊಟದ ಮೇಜು

ಮೂಡುಬಿದಿರೆಯಲ್ಲಿ ಬಿಇ ಓದುವಾಗ ನನ್ನ ಪ್ರಾಜೆಕ್ಟು ಒಂದು ಊಟದ ಮೇಜು. ಗೆಳೆಯರು ನಕ್ಕಿದ್ದರು. ಬೆಳ್ತಂಗಡಿಯ ನಮ್ಮ ಮನೆಯಲ್ಲಿ ನಾವೆಲ್ಲ ನೆಲದಲ್ಲಿ ಉಣ್ಣುವಾಗ, ಮಂಡಿನೋವಿನ ಅಜ್ಜಿ ಮೂಲೆಯ ಸ್ಟೂಲಿನಲ್ಲಿ ತಟ್ಟೆ ಮಡಿಲಲ್ಲಿಟ್ಟುಕೊಂಡು ಒಬ್ಬರೇ ಕೂರುತ್ತಿದ್ದರು.

ತೋಟದ್ದೇ ಹಲಸಿನ ಮರವನ್ನು ಬಂಟ್ವಾಳದ ಮಿಲ್ಲಿನಲ್ಲಿ ಕೊಯ್ಸಿದೆ. ಎತ್ತರ 30 ಇಂಚು. ಜುಲೈ ಮಳೆಯಲ್ಲಿ ಹಲಗೆಗಳನ್ನು ಚೌಕಟ್ಟಿಗೆ ಸ್ಕ್ರೂ ಹಾಕಿ ಬಿಗಿದೆ. "ಮಾರಾಯ, ಮರ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಅಡ್ಡಕ್ಕೆ ಸರಿಯಲು ಸ್ವಲ್ಪ ಜಾಗ ಬಿಡು" ಎಂದಿದ್ದರು ಆಚಾರಿ. ಬಿಇ ಅಲ್ವಾ, ಕೇಳಲಿಲ್ಲ.

ಮಾರ್ಚಿನಲ್ಲಿ ನಟ್ಟನಡುವೆ ಸೀಳಿತು. ಆಚಾರಿಯೇ ಬಂದು ಸ್ಕ್ರೂವಿನ ತೂತುಗಳನ್ನು ಉದ್ದ ಮಾಡಿಕೊಟ್ಟರು. ಸೀಳು ಹಾಗೇ ಉಳಿಯಿತು. ಅದರ ಈಚೆ ಅಜ್ಜಿಯ ತಟ್ಟೆ. ಆಚೆ, ಮಣೆ ಬಿಟ್ಟು ಎದ್ದುಬಂದ ಅಪ್ಪನದ್ದು.