ಮಗಳ ಗೇಮಿಂಗ್ ಕಂಪ್ಯೂಟರಿಗೆ ಎರಡು ಕೊಟೇಶನ್

ಪ್ರಿಯ ಮೇಷ್ಟ್ರೇ,

ನೀವು ಕಳಿಸಿದ ಎರಡೂ ಕೊಟೇಶನ್ ನೋಡಿದೆ. ಒಂದು ಇಂಟೆಲ್, ಇನ್ನೊಂದು ಎಎಂಡಿ, ಬೆಲೆ ಹೆಚ್ಚುಕಡಿಮೆ ಒಂದೇ. "ಯಾವುದು ಒಳ್ಳೆಯದು ಅಂತ ಒಂದೇ ಮಾತಿನಲ್ಲಿ ಹೇಳಿಬಿಡಿ" ಎಂದಿದ್ದೀರಿ. ಹೇಳುತ್ತೇನೆ: ಮೊದಲನೆಯದನ್ನು ಬರೆದಂತೆ ಜೋಡಿಸಲಿಕ್ಕೇ ಬರುವುದಿಲ್ಲ. ಎರಡನೆಯದು ಜೋಡಿಸಲು ಬರುತ್ತದೆ, ಆನ್ ಕೂಡ ಆಗುತ್ತದೆ, ಆದರೆ ಕೊಟ್ಟ ದುಡ್ಡಿಗೆ ತಕ್ಕಂತೆ ಓಡುವುದಿಲ್ಲ. ಯಾಕೆ ಅಂತ ವಿವರಿಸಲು ಹೋದರೆ ಪತ್ರ ಉದ್ದವಾಗುತ್ತದೆ. ಉತ್ತರ ಪತ್ರಿಕೆಗಳ ಕಟ್ಟು ಮುಗಿಸಿಕೊಂಡು ನಿಧಾನವಾಗಿ ಓದಿ, ಆಮೇಲೆ ಮಗಳ ಕೈಗೂ ಕೊಡಿ.

ಮೊದಲನೆಯ ಕೊಟೇಶನ್ನಿನಲ್ಲಿ ಐ5-14400ಎಫ್ ಪ್ರೊಸೆಸರ್ ಇದೆ, ಎಚ್610 ಮದರ್‌ಬೋರ್ಡ್ ಇದೆ. ಇವೆರಡೂ ಒಂದೇ ಸಾಕೆಟ್ಟಿನವು, ತಕರಾರಿಲ್ಲ. ಬೋರ್ಡಿನ ಹೆಸರಿನ ಬಾಲದಲ್ಲಿ "ಡಿ4" ಅಂತ ಇದೆ, ನೋಡಿದಿರಾ? ಅದು ಡಿಡಿಆರ್4 ರ್‍ಯಾಮ್ ಹಾಕುವ ಬೋರ್ಡು. ಅದರ ಕೆಳಗಿನ ಸಾಲಿನಲ್ಲೇ ಡಿಡಿಆರ್5 ರ್‍ಯಾಮ್ ಬರೆದಿದ್ದಾರೆ. ಎರಡೂ ಕಡ್ಡಿಗಳಿಗೆ ಉದ್ದ ಒಂದೇ, ಎರಡಕ್ಕೂ 288 ಪಿನ್ನು, ಆದರೆ ನಡುವಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ಒತ್ತಿ ಕೂರಿಸಲು ನೋಡಿದರೆ ಮುರಿಯುವುದು ಸ್ಲಾಟು. ಅಂಗಡಿಯವರು ಬೇಕೆಂದೇ ಹೀಗೆ ಬರೆದಿರಲಿಕ್ಕಿಲ್ಲ. ಒಂದೇ ಬೋರ್ಡು ಎರಡೂ ಬಗೆಯಲ್ಲಿ ಬರುವುದರಿಂದ ಅವಸರದಲ್ಲಿ ಇಂಥದು ನುಸುಳುತ್ತದೆ. ಜೋಡಿಸುವ ದಿನ ಅವರೇ ಬದಲಾಯಿಸಿಕೊಡುತ್ತಾರೆ ಅನ್ನಿ. ಯಾವುದನ್ನು ಬದಲಾಯಿಸುತ್ತಾರೆ, ಯಾವ ಬೆಲೆಗೆ ಎನ್ನುವುದೇ ಪ್ರಶ್ನೆ. ಇಷ್ಟಕ್ಕೂ ಆ ಸಾಕೆಟ್ಟಿಗೆ ಇನ್ನು ಮುಂದಿನ ಪೀಳಿಗೆ ಇಲ್ಲ. 2024ರಲ್ಲಿ ಬಂದ ಕೋರ್ ಅಲ್ಟ್ರಾ ಪ್ರೊಸೆಸರುಗಳಿಗೆ ಇಂಟೆಲ್ ಬೇರೆ ಸಾಕೆಟ್ ಮಾಡಿತು. ಹಾಗಾಗಿ ಈ ಹಾಳೆಯನ್ನು ಮಡಚಿ ಪಕ್ಕಕ್ಕಿಡಿ.

ಎರಡನೆಯದಕ್ಕೆ ಬರೋಣ. ರೈಜನ್ 5 7600, ಬಿ650 ಬೋರ್ಡು, ಆರ್‌ಟಿಎಕ್ಸ್ 5060 ಗ್ರಾಫಿಕ್ಸ್ ಕಾರ್ಡು, 24 ಇಂಚಿನ 165 ಹರ್ಟ್ಸ್ ಮಾನಿಟರು. ಬುನಾದಿ ಗಟ್ಟಿಯಾಗಿದೆ. ಇದು 2022ರಲ್ಲಿ ಶುರುವಾದ ಎಎಂ5 ಸಾಕೆಟ್; 2027ರವರೆಗೂ ಇದಕ್ಕೆ ಹೊಸ ಪ್ರೊಸೆಸರ್ ಕೊಡುತ್ತೇವೆಂದು ಎಎಂಡಿ ಹೇಳಿದೆ. ಅಂದರೆ ಮಗಳು ಎಂಜಿನಿಯರಿಂಗ್ ಕೊನೆಯ ವರ್ಷಕ್ಕೆ ಬರುವ ಹೊತ್ತಿಗೆ ಬೋರ್ಡು, ರ್‍ಯಾಮ್ ಹಾಗೇ ಇಟ್ಟುಕೊಂಡು ಪ್ರೊಸೆಸರ್ ಒಂದನ್ನೇ ಬದಲಾಯಿಸಬಹುದು. ನನ್ನ ಮತ ಇದಕ್ಕೇ. ಆದರೆ ಇದರಲ್ಲಿ ಕೆಂಪು ಪೆನ್ನು ಆಡಿಸಬೇಕಾದ ಜಾಗಗಳು ಹಲವಿವೆ. ಮೊದಲನೆಯದರ ತಪ್ಪು ಕಣ್ಣಿಗೆ ಬೀಳುವಂಥದು, ಕೂರದ ಕಡ್ಡಿ ಕೂರುವುದಿಲ್ಲ, ಅಷ್ಟೇ. ಎರಡನೆಯದರ ತಪ್ಪುಗಳು ಹಾಗಲ್ಲ. ಎಲ್ಲವೂ ಕೂರುತ್ತವೆ, ದೀಪ ಹತ್ತುತ್ತದೆ, ಆಟ ಶುರುವಾಗುತ್ತದೆ, ಏನು ಕಡಿಮೆಯಾಗಿದೆ ಅಂತ ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ.

ರ್‍ಯಾಮ್ ಸಾಲು ನೋಡಿ: "16 ಜಿಬಿ ಡಿಡಿಆರ್5 6000, 1 ನಗ". ಒಂದೇ ಕಡ್ಡಿ. 2025ರ ಕೊನೆಯಿಂದ ರ್‍ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿದೆ. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ರಾಶಿ ರಾಶಿ ಕೊಳ್ಳುತ್ತಿರುವುದೇ ಕಾರಣ. ಅದಕ್ಕೇ ಅಂಗಡಿಯವರು "ಈಗ ಒಂದು ಹಾಕಿಸಿ, ಮುಂದೆ ಇನ್ನೊಂದು ಸೇರಿಸಿ" ಅನ್ನುತ್ತಾರೆ. ಆದರೆ ಪ್ರೊಸೆಸರು ರ್‍ಯಾಮಿನ ಜೊತೆ ಎರಡು ದಾರಿಯಲ್ಲಿ ಮಾತಾಡುವಂತೆ ಮಾಡಿದ್ದಾರೆ. ಒಂದೇ ಕಡ್ಡಿ ಹಾಕುವುದೆಂದರೆ ಜೋಡೆತ್ತಿನ ನೊಗಕ್ಕೆ ಒಂದೇ ಎತ್ತು ಕಟ್ಟಿದ ಹಾಗೆ. ದುಡ್ಡಿದ್ದರೆ 16ರ ಎರಡು, ಇಲ್ಲದಿದ್ದರೆ 8ರ ಎರಡು. ಜೋಡಿಯಾಗಿ ಒಂದೇ ಪ್ಯಾಕಿನಲ್ಲಿ ಬಂದದ್ದನ್ನೇ ಕೇಳಿ. ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದು ಮತ್ತು ನಾಲ್ಕನೆಯದರಲ್ಲಿ ಕೂರಬೇಕು. ಪಕ್ಕಪಕ್ಕದಲ್ಲಿ ಕೂರಿಸಿದರೂ ಕಂಪ್ಯೂಟರ್ ಆನ್ ಆಗುತ್ತದೆ, ಅದೇ ತೊಂದರೆ.

ಇನ್ನೊಂದು ವಿಷಯ. ಕಡ್ಡಿಯ ಮೇಲೆ 6000 ಎಂದು ಅಚ್ಚಾಗಿದ್ದರೂ ತಾನಾಗಿ ಅದು ಆ ವೇಗಕ್ಕೆ ಹೋಗುವುದಿಲ್ಲ, 4800ರ ಆಸುಪಾಸಿನಲ್ಲೇ ನಿಂತಿರುತ್ತದೆ. ಬೋರ್ಡಿನ ಸೆಟ್ಟಿಂಗುಗಳಿರುವ ಬಯಾಸ್ ಒಳಗೆ ಹೋಗಿ "ಎಕ್ಸ್‌ಪೋ" ಎಂಬ ಆಯ್ಕೆಯನ್ನು ಆನ್ ಮಾಡಬೇಕು. ಇಂಟೆಲ್ ಬೋರ್ಡುಗಳಲ್ಲಿ ಅದರ ಹೆಸರು ಎಕ್ಸ್‌ಎಂಪಿ. ಎಷ್ಟೋ ಮನೆಗಳಲ್ಲಿ ಇದನ್ನು ಯಾರೂ ಮುಟ್ಟಿರುವುದೇ ಇಲ್ಲ.

ಮಾನಿಟರಿನದೂ ಇದೇ ಕತೆ. 165 ಹರ್ಟ್ಸ್ ಮಾನಿಟರ್ ತಂದು ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 60ಕ್ಕೇ ಬಿಟ್ಟಿರುತ್ತಾರೆ. ಇನ್ನೂ ವಿಚಿತ್ರವೆಂದರೆ ಕೇಬಲ್ಲು. ಕ್ಯಾಬಿನೆಟ್ಟಿನ ಹಿಂದೆ ಎರಡು ಕಡೆ ಎಚ್‌ಡಿಎಂಐ ತೂತು ಇರುತ್ತದೆ: ಮೇಲೆ ಮದರ್‌ಬೋರ್ಡಿನದು, ಕೆಳಗೆ ಅಡ್ಡಕ್ಕೆ ಕೂತ ಗ್ರಾಫಿಕ್ಸ್ ಕಾರ್ಡಿನದು. 7600ರ ಹೊಟ್ಟೆಯಲ್ಲೇ ಪುಟ್ಟದೊಂದು ಗ್ರಾಫಿಕ್ಸ್ ಇರುವುದರಿಂದ ಮೇಲಿನದಕ್ಕೆ ಸಿಕ್ಕಿಸಿದರೂ ಚಿತ್ರ ಬರುತ್ತದೆ. ಆಗ ದುಬಾರಿ ಕಾರ್ಡು ಸುಮ್ಮನೆ ಕೂತು ಆ ಪುಟ್ಟದರ ಮೇಲೇ ಆಟ ಏದುಸಿರು ಬಿಡುತ್ತಿರಬಹುದು. ಇಂಟೆಲ್‌ನ "ಎಫ್" ಬಾಲದ ಪ್ರೊಸೆಸರಾಗಿದ್ದರೆ ಪರದೆ ಕಪ್ಪಗೇ ಉಳಿದು ಆ ಕ್ಷಣಕ್ಕೇ ಗೊತ್ತಾಗುತ್ತಿತ್ತು. ಕೇಬಲ್ ಕೆಳಗಿನದಕ್ಕೆ, ಮಗಳಿಗೆ ನೆನಪಿಸಿ.

ಗ್ರಾಫಿಕ್ಸ್ ಕಾರ್ಡಿನ ಬಗ್ಗೆ ನಾನು ನಿಮ್ಮನ್ನೇ ಕೇಳಬೇಕು: ಅವಳು ಆಡುವುದೇನು? ವ್ಯಾಲೊರಂಟ್, ಕೌಂಟರ್-ಸ್ಟ್ರೈಕ್ ಇಂಥವಾದರೆ 5060ರ 8 ಜಿಬಿ ಮೆಮೊರಿ ಧಾರಾಳ. ಸೈಬರ್‌ಪಂಕ್ 2077 ತರಹದ ಭಾರಿ ಆಟಗಳನ್ನು ಎಲ್ಲ ಅಂದಚಂದ ಏರಿಸಿ ಆಡುವವಳಾದರೆ 8 ಜಿಬಿ ಈಗಲೇ ಬಿಗಿ. ಆಗ ಆರ್‌ಎಕ್ಸ್ 9060 ಎಕ್ಸ್‌ಟಿಯ 16 ಜಿಬಿ ಮಾದರಿಯ ಬೆಲೆ ವಿಚಾರಿಸಿ. ಅದೇ ಹೆಸರಿನಲ್ಲಿ 8 ಜಿಬಿಯದೂ ಇದೆ, ಬಿಲ್ಲಿನಲ್ಲಿ ಸಂಖ್ಯೆ ಬರೆಸಿಕೊಳ್ಳಿ. ಯೂಟ್ಯೂಬ್ ಹುಡುಗರು ಮಾತೆತ್ತಿದರೆ "ಬಾಟಲ್‌ನೆಕ್" ಅನ್ನುತ್ತಾರೆ. ಕಾರ್ಡಿನ ವೇಗಕ್ಕೆ ಪ್ರೊಸೆಸರು ಅಡ್ಡವಾಗುತ್ತದೆ ಎಂದು ಅದರ ಅರ್ಥ. ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಈ ಎರಡು ಕಾರ್ಡಿನಲ್ಲಿ ಯಾವುದಕ್ಕೂ 7600 ಸಾಕು.

ಈಗ ಎಲ್ಲಕ್ಕಿಂತ ಮುಖ್ಯವಾದ, ಎಲ್ಲರೂ ಕಡೆಗಣಿಸುವ ಸಾಲು: "ಎಸ್‌ಎಂಪಿಎಸ್ 650 ವ್ಯಾಟ್". ಇಡೀ ಕಂಪ್ಯೂಟರಿಗೆ ಕರೆಂಟು ಹಂಚುವ ಡಬ್ಬ ಇದು. ಕಂಪನಿಯ ಹೆಸರಿಲ್ಲ, ಮಾದರಿ ಇಲ್ಲ. ಲೆಕ್ಕಕ್ಕೆ ಹೋದರೆ ನಿಮಗೆ 650 ಬೇಕಾಗಿಯೇ ಇಲ್ಲ. ಪ್ರೊಸೆಸರು ಜೋರಾಗಿ ಓಡುವಾಗ 88 ವ್ಯಾಟ್, 5060 ಕಾರ್ಡು 145, ಬೋರ್ಡು, ರ್‍ಯಾಮು, ಫ್ಯಾನು ಎಲ್ಲ ಸೇರಿ ಇನ್ನೊಂದು 50 ಹಿಡಿಯಿರಿ, 300 ದಾಟುವುದಿಲ್ಲ. ಎನ್‌ವಿಡಿಯಾ ಈ ಕಾರ್ಡಿಗೆ ಸೂಚಿಸುವುದು 550. ಒಳ್ಳೆಯ ಕಂಪನಿಯ 550, ಹೆಸರಿಲ್ಲದ 650ಕ್ಕಿಂತ ಎಷ್ಟೋ ಮೇಲು. ಅಂಗಡಿಗೆ ಹೋದಾಗ ಡಬ್ಬದ ಮೇಲಿನ ದೊಡ್ಡ ಅಂಕಿ ಬಿಡಿ, ಎಸ್‌ಎಂಪಿಎಸ್ ಪಕ್ಕೆಗೆ ಅಂಟಿಸಿದ ಪಟ್ಟಿ ಓದಿ. ಅದರಲ್ಲಿ "+12ವಿ" ಎಂಬ ಕಲಂ ಇರುತ್ತದೆ. ಕಾರ್ಡು, ಪ್ರೊಸೆಸರು ಎರಡೂ ಉಣ್ಣುವುದು ಅಲ್ಲಿಂದಲೇ. ಅಲ್ಲಿ 54 ಆಂಪ್ಸ್ ಅಂತಿದ್ದರೆ 12ರಿಂದ ಗುಣಿಸಿ, 648 ವ್ಯಾಟ್, ಮಾತು ನಿಜ. 30 ಆಂಪ್ಸ್ ಅಂತಿದ್ದರೆ ಸಿಗುವುದು 360 ಅಷ್ಟೇ, ಹೊರಗೆ 650 ಎಂದು ಬರೆದಿದ್ದರೂ. "80 ಪ್ಲಸ್ ಬ್ರಾಂಜ್, ಗೋಲ್ಡ್" ಎಂಬ ಮುದ್ರೆ ಕರೆಂಟು ಎಷ್ಟು ಕಡಿಮೆ ಪೋಲಾಗುತ್ತದೆ ಅನ್ನುವುದನ್ನು ಮಾತ್ರ ಹೇಳುತ್ತದೆ, ಬಾಳಿಕೆಯನ್ನಲ್ಲ. ಬಾಳಿಕೆಗೆ ವಾರಂಟಿ ನೋಡಿ, ಐದು ವರ್ಷಕ್ಕೆ ಕಡಿಮೆಯಿದ್ದರೆ ಬೇಡ ಅನ್ನಿ. ಮುಂದೆ ಎಂದಾದರೂ ಎಸ್‌ಎಂಪಿಎಸ್ ಬದಲಾಯಿಸಿದರೆ ಹಳೆಯದರ ಬಿಚ್ಚುವ ಕೇಬಲ್ಲುಗಳನ್ನು ಹೊಸದಕ್ಕೆ ಹಾಕಬೇಡಿ. ಪ್ಲಗ್ಗಿನ ಆಕಾರ ಒಂದೇ ಇದ್ದರೂ ಒಳಗಿನ ತಂತಿಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. ಹಾರ್ಡ್ ಡಿಸ್ಕ್ ಸುಟ್ಟುಹೋಗಬಹುದು.

ನಿಮ್ಮೂರಿನ ಕರೆಂಟಿನ ಮಾತನ್ನೂ ಆಡಬೇಕು. ಆಫೀಸು ರೂಮಿನ 600 ವಿಎ ಯುಪಿಎಸ್ ಇದಕ್ಕೆ ಆಗುತ್ತದಾ ಎಂದು ಕೇಳಿದ್ದಿರಿ. ಅಂಥವು ಸಾಮಾನ್ಯವಾಗಿ ಹೊರುವುದು 360 ವ್ಯಾಟ್. ಕಂಪ್ಯೂಟರು, ಮಾನಿಟರು ಸೇರಿದರೆ ಅಂಚಿಗೇ ಬಂದುಬಿಡುತ್ತದೆ. 1000 ವಿಎ ತೆಗೆದುಕೊಳ್ಳಿ. ಮನೆಗೆಲ್ಲ ಇನ್ವರ್ಟರ್ ಇದ್ದು ಅದು ಪ್ಯೂರ್ ಸೈನ್ ವೇವ್ ಆಗಿದ್ದರೆ ಅದರ ಹಿಂದಿನ ಸ್ವಿಚ್ಚನ್ನು "ಯುಪಿಎಸ್ ಮೋಡ್"ಗೆ ಹಾಕಿ ನೋಡಬಹುದು. ಅದಕ್ಕೂ ಮೊದಲು ಎಲೆಕ್ಟ್ರಿಷಿಯನ್ನನ್ನು ಕರೆಸಿ ಆ ಪಾಯಿಂಟಿಗೆ ಅರ್ಥಿಂಗ್ ಇದೆಯಾ ಎಂದು ಪರೀಕ್ಷೆ ಮಾಡಿಸಿ. ಕ್ಯಾಬಿನೆಟ್ ಮುಟ್ಟಿದಾಗ ಜುಂ ಎನ್ನುವ ಮನೆಗಳಲ್ಲಿ ತಪ್ಪು ಕಂಪ್ಯೂಟರಿನದಲ್ಲ.

ಉಳಿದದ್ದು ಚುಟುಕಾಗಿ. ಪಟ್ಟಿಯಲ್ಲಿರುವ 240 ಎಂಎಂ ಲಿಕ್ವಿಡ್ ಕೂಲರ್ ಹೊಡೆದುಹಾಕಿ. 7600ರ ಬಾಕ್ಸಿನಲ್ಲೇ ಕೂಲರ್ ಬರುತ್ತದೆ, ಆ ಪ್ರೊಸೆಸರಿಗೆ ಅದು ಸಾಕು. ಬಾಕ್ಸಿಲ್ಲದೆ ಬಿಡಿಯಾಗಿ ಬರುವ "ಟ್ರೇ" ಪ್ರೊಸೆಸರ್ ಕೊಡಲು ಬಂದರೆ ಬೇಡ, ಸೀಲಾದ ಬಾಕ್ಸೇ ಕೇಳಿ. ಲಿಕ್ವಿಡ್ ಕೂಲರನ್ನು ಮುಂಭಾಗಕ್ಕೆ ಹಾಕಿದರೆ ರೇಡಿಯೇಟರು, ಫ್ಯಾನು ಸೇರಿ ಐದು ಸೆಂಟಿಮೀಟರಿನಷ್ಟು ಜಾಗ ನುಂಗುತ್ತವೆ, ಮೂರು ಫ್ಯಾನಿನ ಉದ್ದ ಕಾರ್ಡು ಆಮೇಲೆ ಹಿಡಿಸದೇ ಹೋಗಬಹುದು. ಮುಂದೆ ಪೂರ್ತಿ ಗಾಜಿರುವ ಕ್ಯಾಬಿನೆಟ್ ಬದಲು ಜಾಲರಿಯದು ಇರಲಿ, ಏಪ್ರಿಲ್ ಬಿಸಿಲಿನಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಸ್ಟೋರೇಜ್ ಸಾಲಿನಲ್ಲಿ "1 ಟಿಬಿ ಎಂ.2" ಅಂತ ಮಾತ್ರ ಬರೆದಿದ್ದಾರೆ, ಅದು ಎನ್‌ವಿಎಂಇ ಆಗಿರಬೇಕು, ನಿಧಾನದ ಸಾಟಾ ಅಲ್ಲ. ಅದರಲ್ಲೂ ಜೆನ್ 4 ಸಾಕು, ಜೆನ್ 5ಕ್ಕೆ ದುಡ್ಡು ಸುರಿಯುವುದು ದಂಡ. 7600 ಸ್ಟಾಕ್ ಇಲ್ಲ ಎಂದು 9000 ಸರಣಿಯ ಪ್ರೊಸೆಸರ್ ಕೊಟ್ಟರೆ ಬೋರ್ಡಿನ ಬಯಾಸ್ ಅಪ್‌ಡೇಟ್ ಆಗಿದೆಯಾ ಕೇಳಿ. ಆ ಸರಣಿ ಬಂದದ್ದು 2024ರ ಆಗಸ್ಟಿನಲ್ಲಿ, ಅದಕ್ಕಿಂತ ಮೊದಲು ಪ್ಯಾಕಾದ ಬೋರ್ಡಿಗೆ ಅದರ ಗುರುತು ಇರದೇ ಹೋಗಬಹುದು.

ಜೋಡಿಸುವಾಗ ಮಗಳನ್ನು ಪಕ್ಕದಲ್ಲೇ ನಿಲ್ಲಿಸಿ. ಎಎಂ5ರಲ್ಲಿ ಪಿನ್ನುಗಳು ಇರುವುದು ಪ್ರೊಸೆಸರಿಗಲ್ಲ, ಬೋರ್ಡಿನ ಸಾಕೆಟ್ಟಿಗೆ. ಪ್ಲಾಸ್ಟಿಕ್ ಮುಚ್ಚಳ ತೆಗೆದ ಕೂಡಲೇ ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಪಿನ್ನುಗಳು ಸಾಲಾಗಿ ಒಂದೇ ಸಮ ಮಿನುಗಬೇಕು, ಒಂದು ಕಡೆ ಮಂಕಾಗಿ ಕಂಡರೆ ಅಲ್ಲೇ ನಿಲ್ಲಿಸಿ. ಪ್ರೊಸೆಸರಿನ ಮೂಲೆಯ ಚಿನ್ನದ ಬಣ್ಣದ ತ್ರಿಕೋನ, ಸಾಕೆಟ್ಟಿನ ತ್ರಿಕೋನ ಎರಡೂ ಒಂದೇ ಮೂಲೆಗೆ ಬರಬೇಕು. ಬೆರಳಿನಿಂದ ಒತ್ತುವುದೇ ಬೇಡ, ತನ್ನ ಭಾರಕ್ಕೇ ಕೂರುತ್ತದೆ. ಆ ಮುಚ್ಚಳವನ್ನು ಎಸೆಯಬೇಡಿ, ವಾರಂಟಿಗೆ ಹೋದಾಗ ಕೇಳುತ್ತಾರೆ. ಮೊದಲ ಸಲ ಆನ್ ಮಾಡಿದಾಗ ಫ್ಯಾನು ತಿರುಗಿ ಪರದೆ ಕೆಲವು ನಿಮಿಷ ಕಪ್ಪಗೇ ಇದ್ದರೆ ಗಾಬರಿಯಾಗಿ ಸ್ವಿಚ್ ಆರಿಸಬೇಡಿ. ರ್‍ಯಾಮಿನ ಜೊತೆ ಹೊಂದಿಕೊಳ್ಳಲು ಬೋರ್ಡು ಅಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಅಸೆಂಬಲ್ ಮಾಡಿಸಿದ ಕಂಪ್ಯೂಟರಿಗೆ ಒಟ್ಟಾರೆ ವಾರಂಟಿ ಅಂತ ಇರುವುದಿಲ್ಲ, ಒಂದೊಂದು ಭಾಗಕ್ಕೂ ಅದರದರ ಕಂಪನಿಯದು. ಆದ್ದರಿಂದ ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿಯೊಂದರ ಪೂರ್ತಿ ಮಾದರಿ ಹೆಸರು, ಸೀರಿಯಲ್ ನಂಬರು ಬರೆಸಿ, ಡಬ್ಬಗಳನ್ನು ಅಟ್ಟದ ಮೇಲೆ ಇಡಿ. ತಿದ್ದಿದ ಕೊಟೇಶನ್ ಬಂದ ಮೇಲೆ ಅಡ್ವಾನ್ಸ್ ಕೊಡುವ ಮೊದಲು ನನಗೊಮ್ಮೆ ಕಳಿಸಿ. ಬೆಂಗಳೂರಿಗೇ ಬಂದು ಎಸ್.ಪಿ. ರಸ್ತೆಯಲ್ಲಿ ಕೊಳ್ಳುವ ಯೋಚನೆಯಿದ್ದರೆ ಭಾನುವಾರ ಬೇಡ, ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಶನಿವಾರ ಬೆಳಿಗ್ಗೆ ಬನ್ನಿ, ಚಿಕ್ಕಪೇಟೆ ಮೆಟ್ರೋ ನಿಲ್ದಾಣದಲ್ಲಿ ಇಳಿದು ಫೋನ್ ಮಾಡಿ, ನಾನೂ ಜೊತೆಗೆ ಬರುತ್ತೇನೆ.

ಇಂತಿ,
ನಿಮ್ಮ ಗೆಳೆಯ